ಕಾವೇರಿ ಜಗಳವನ್ನೂ ಪಾಠ ಮಾಡಿ

ಮಾನ್ಯ ಸಂಪಾದಕರೇ,

ನಾನು ಮಂಡ್ಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಶಾಂತಿ ಮತ್ತು ಸಂಘರ್ಷದ ಅಧ್ಯಯನ ಅಂದರೆ ಎಲ್ಲೋ ದೂರದ ಯುದ್ಧದ ಮಾತು ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಕಾವೇರಿಯೇ ಇದೆಯಲ್ವಾ? 1924ರ ಒಪ್ಪಂದಕ್ಕೆ ಇತಿಹಾಸ ಬೇಕು, 2007ರ ನ್ಯಾಯಮಂಡಳಿ ತೀರ್ಪಿಗೆ ಕಾನೂನು, ಕೆಆರ್‌ಎಸ್ ಮಟ್ಟದ ಲೆಕ್ಕಕ್ಕೆ ಜಲವಿಜ್ಞಾನ. ಆದರೆ 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ತಮಿಳರ ಮೇಲೆ ಜನ ಮುಗಿಬಿದ್ದದ್ದು ಏಕೆ? ನೀರಿನ ಲೆಕ್ಕ ಒಂದರಿಂದಲೇ ಅದು ತಿಳಿಯುವುದಿಲ್ಲ. ಸಮಾಜಶಾಸ್ತ್ರ, ಮನಶ್ಶಾಸ್ತ್ರ ಎರಡೂ ಬೇಕು.

2003ರಲ್ಲಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಕಟ್ಟಿಕೊಂಡು ಎದುರುಬದುರು ಕೂತು ಮಾತಾಡಿದರು. ನನಗಂತೂ ಅದು ತೀರ್ಪುಗಳಷ್ಟೇ ದೊಡ್ಡ ಸಂಗತಿ. ನಮ್ಮ ಪಠ್ಯದಲ್ಲಿ ಅದರ ಸುದ್ದಿಯೇ ಇಲ್ಲ.

ರಾಜ್ಯದ ವಿಶ್ವವಿದ್ಯಾಲಯಗಳು ಎಲ್ಲ ವಿಭಾಗಗಳನ್ನೂ ಸೇರಿಸಿ ಶಾಂತಿ ಮತ್ತು ಸಂಘರ್ಷದ ಅಧ್ಯಯನವನ್ನು ಪದವಿಗೆ ತರಲಿ. ಪಾಠಕ್ಕೆ ತಂಜಾವೂರಿನ ರೈತರನ್ನೂ ಕರೆಯಲಿ.

– ಉಪನ್ಯಾಸಕಿ, ಮಂಡ್ಯ