ಶಾಲು ಬೇಡ, ಚಿತ್ರ ನೋಡಿ

ಸಂಪಾದಕರೇ,

ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನ ಮುಗಿದ ಮಾರನೇ ದಿನ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ತಲೆಗೆ ಮೈಸೂರು ಪೇಟ, ಹೆಗಲಿಗೆ ಜರಿ ಶಾಲು, ಕೊರಳಿಗೆ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಕಣ್ಣು ಮುಚ್ಚಿ ನಿಂತ ಗಂಡಸಿನದು. ಕೆಳಗೆ ‘ಆಟಿಸಂ ಮೆಟ್ಟಿ ನಿಂತ ಕಲಾವಿದನಿಗೆ ಸನ್ಮಾನ’ ಎಂದು ಬರೆದಿತ್ತು. ಆ ಗಂಡಸು ನಾನು. ಆಟಿಸಂ ಅನ್ನು ನಾನು ಮೆಟ್ಟಿಲ್ಲ. ಬುಟ್ಟಿಯಿಂದ ಜಾರಿದ ಒಂದು ಮೂಸಂಬಿ ಕಾಲಡಿ ಸಿಕ್ಕಿತ್ತು, ಮೆಟ್ಟಿದ್ದು ಅದನ್ನೇ.

ಕಣ್ಣು ಮುಚ್ಚಿದ್ದನ್ನು ವರದಿಯಲ್ಲಿ ‘ಭಾವುಕರಾದರು’ ಎಂದು ಬರೆದಿದ್ದಾರೆ. ಜರಿ ಕುತ್ತಿಗೆಗೆ ತಾಗಿದರೆ ನನಗೆ ತುರಿಕೆ ಸೊಪ್ಪು ಉಜ್ಜಿದ ಹಾಗಾಗುತ್ತದೆ. ಜೊತೆಗೆ ಸ್ಪೀಕರ್ ನನ್ನ ಎಡಗಿವಿಯಿಂದ ನಾಲ್ಕು ಅಡಿ ದೂರದಲ್ಲಿತ್ತು. ಕಣ್ಣು ಮುಚ್ಚಿಕೊಂಡು ಒಂದರಿಂದ ಎಣಿಸುತ್ತಿದ್ದೆ, ಅಷ್ಟೆ.

ಆ ಸಭಾಂಗಣದಲ್ಲಿ ನನ್ನ ಆರು ಚಿತ್ರ ತೂಗುಹಾಕಿದ್ದರು. ಫ್ಲೆಕ್ಸ್ ಕಟ್ಟುವಾಗ ಎರಡು ಅದರ ಹಿಂದೆ ಹೋದವು. ಐದು ಜನ ಭಾಷಣ ಮಾಡಿದರು, ಒಬ್ಬರೂ ಗೋಡೆಯ ಕಡೆ ತಿರುಗಲಿಲ್ಲ. ನಿರೂಪಕರು ಮೈಕನ್ನು ನನ್ನ ಅಮ್ಮನ ಮುಂದೆ ಹಿಡಿದು, ‘ಇವನು ಯಾವಾಗಿಂದ ಚಿತ್ರ ಬಿಡಿಸ್ತಾನೆ ಅಮ್ಮಾ?’ ಎಂದು ಕೇಳಿದರು. ನನಗೆ 38 ವರ್ಷ. ಅಮ್ಮ, ‘ಪಕ್ಕದಲ್ಲೇ ಇದಾನಲ್ಲ, ಅವನನ್ನೇ ಕೇಳಿ’ ಅಂದಳು. ಜನ ಯಾಕೋ ಚಪ್ಪಾಳೆ ತಟ್ಟಿದರು.

ಕೇಳಿದ್ದರೆ ಹೇಳುತ್ತಿದ್ದೆ. ನಾನು ಬಿಡಿಸುವುದು ಹಂಚಿನ ಮಾಡು, ಅಂದರೆ ಹಂಚು ಹೊದಿಸಿದ ಚಾವಣಿ. ಮಲೆನಾಡಿನ ನಮ್ಮ ಸಾಗರದ ಸುತ್ತಮುತ್ತ ಬಿಚ್ಚುತ್ತಿರುವ ಹಳೆಯ ಮನೆಗಳದು, ಬಿಚ್ಚುವುದಕ್ಕೆ ಮುಂಚೆ ಹೋಗಿ ಕೂತು ಬಿಡಿಸುತ್ತೇನೆ. 0.1ರ ಕಪ್ಪು ಪೆನ್ನು, ಎ2 ಹಾಳೆ. ಫ್ಲೆಕ್ಸಿನ ಹಿಂದೆ ಹೋದದ್ದರಲ್ಲಿ ಒಂದಕ್ಕೆ 47 ದಿನ ಹಿಡಿದಿತ್ತು, ಅದರಲ್ಲಿ 2,316 ಹಂಚಿದೆ. ಒಂದು ಹಂಚಿನ ಹಾಗೆ ಇನ್ನೊಂದು ಇರುವುದಿಲ್ಲ. ಒಂದರ ಮೂಲೆ ಮುಕ್ಕಾಗಿರುತ್ತದೆ, ಒಂದರ ಮೇಲೆ ಮಂಗ ಹಾರಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ, ತೆಂಗಿನ ಗರಿಯ ನೆರಳು ಬೀಳುವಲ್ಲಿ ಪಾಚಿ ಹಿಡಿದಿರುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರಿಗೆ ಇದೆಲ್ಲ ಗೊತ್ತು. ಅವರ ಜೊತೆ ನನಗೆ ಮಾತು ಸಲೀಸು.

ಇದು ಶುರುವಾದದ್ದು ಅಟ್ಟದಲ್ಲಿ. ನಾನು ಮಾತು ಕಲಿತದ್ದು ತಡ. ಮನೆಗೆ ನೆಂಟರು ಬಂದರೆ ಅಟ್ಟ ಹತ್ತಿ ಅಡಕೆ ಚೀಲದ ಮೇಲೆ ಅಂಗಾತ ಮಲಗುತ್ತಿದ್ದೆ. ಮೇಲೆ ಮಾಡು ಹೊರುವ ಮರದ ಪಕಾಸು, ರೀಪು, ಅದರ ಮೇಲೆ ಹಂಚಿನ ಹೊಟ್ಟೆ. ಹಂಚಿನ ಹೊಟ್ಟೆಯಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಘಟ್ಟದ ಮೇಲೂ ನಾಡ ಹಂಚು ಹೋಗಿ ಇವು ಬಂದವು. ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಅಲ್ಲಿ, ಗಾಜಿನ ಹಂಚಿನಿಂದ ಬೀಳುವ ಬೆಳಕಿನಲ್ಲಿ. ಶಾಲೆಯಲ್ಲಿ ಡ್ರಾಯಿಂಗ್ ಪರೀಕ್ಷೆಗೆ ಕೂತಾಗ ಮನೆಯ ಮಾಡು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಗೋಡೆ ಇಲ್ಲದ ಮನೆ ಕೊಟ್ಟು ಬಂದೆ. ಫೇಲು.

ನಮ್ಮ ಬೀದಿಯಲ್ಲಿ ದೀವರ ಮನೆಯ ಅಜ್ಜಿಯೊಬ್ಬರಿದ್ದರು. ಮದುವೆಗೆ ಹಸೆಗೋಡೆ ಬರೆಯಲು ಅವರನ್ನೇ ಕರೆಯುತ್ತಿದ್ದರು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಅದೇ ಎಳೆ, ಅದರ ಪಕ್ಕ ಅದೇ ಎಳೆ, ಇಡೀ ದಿನ. ನಾನು ಹಿಂದೆ ಕೂತು ನೋಡುತ್ತಿದ್ದೆ, ಅವರೂ ಮಾತಾಡುತ್ತಿರಲಿಲ್ಲ, ನಾನೂ ಮಾತಾಡುತ್ತಿರಲಿಲ್ಲ, ಇಬ್ಬರಿಗೂ ಹಿತವಾಗಿತ್ತು. ಅವರು ಎಳೆದ ಎಳೆಯನ್ನೇ ಎಳೆದರೆ ಅದು ಪರಂಪರೆ. ನನ್ನದು ಡಾಕ್ಟರ ಫೈಲಿನಲ್ಲಿ ‘ಪುನರಾವರ್ತಿತ ವರ್ತನೆ’ ಎಂದಿದೆ.

ಆ ಫೈಲು ಹುಟ್ಟಿದ್ದು ನನ್ನ 33ನೇ ವಯಸ್ಸಿನಲ್ಲಿ. ಅಕ್ಕನ ಮಗನನ್ನು ತೋರಿಸಲು ಹೋಗಿದ್ದೆವು. ಡಾಕ್ಟರು ಅವನ ಬಗ್ಗೆ ಒಂದೊಂದು ಪ್ರಶ್ನೆ ಕೇಳಿದಾಗಲೂ ಅಮ್ಮ ನನ್ನ ಮುಖ ನೋಡುತ್ತಿದ್ದಳು. ಸರ್ಟಿಫಿಕೇಟು ಕೊಡುವಾಗ ನಮ್ಮ ದೇಶದಲ್ಲಿ ಐಎಸ್‌ಎಎ ಎಂಬ ಪಟ್ಟಿ ಬಳಸುತ್ತಾರೆ. ಅದರಲ್ಲಿ 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 70 ಮುಟ್ಟಿದರೆ ಆಟಿಸಂ. ಕಟ್ಟಕಡೆಯ ಅಂಶ ‘ಸಾವಾಂಟ್’ ಸಾಮರ್ಥ್ಯ, ಅಂದರೆ ಯಾವುದಾದರೂ ಒಂದರಲ್ಲಿ ಅಸಾಮಾನ್ಯ ಪ್ರತಿಭೆ. ಅದು ಇದ್ದಷ್ಟೂ ಅಂಕ ಜಾಸ್ತಿ, ಅಂಕ ಜಾಸ್ತಿಯಾದಷ್ಟೂ ಅಂಗವೈಕಲ್ಯ ಜಾಸ್ತಿ! ಅಕ್ಕ ಮೊಬೈಲಿನಲ್ಲಿ ನನ್ನ ಚಿತ್ರ ತೋರಿಸಿದಳು. ಡಾಕ್ಟರು ಪೆನ್ನೆತ್ತಿದರು. ‘ಸಾರ್, ಅದು ಪ್ರತಿಭೆ ಅಲ್ಲ, 47 ದಿನ’ ಅಂದೆ. ಅವರು ನಕ್ಕು ಏನೋ ಒಂದು ಅಂಕ ಹಾಕಿದರು.

ಇದಕ್ಕೆ ಸೇರಿದ ಇನ್ನೊಂದು ಕಿರಿಕಿರಿ. ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್ ಹೆಲಿಕಾಪ್ಟರಿನಲ್ಲಿ ಒಂದು ಸುತ್ತು ಹೊಡೆದು ಇಡೀ ನಗರವನ್ನು ನೆನಪಿನಿಂದ ಬಿಡಿಸುತ್ತಾರೆ. ಆ ವಿಡಿಯೊ ನೋಡಿದವರೆಲ್ಲ ನನ್ನಿಂದಲೂ ಅದನ್ನೇ ಬಯಸುತ್ತಾರೆ. ನನಗೆ ಬರುವುದಿಲ್ಲ. ನಾನು ಎದುರು ಮನೆಯ ಟೆರೇಸಿನಲ್ಲಿ ಸ್ಟೂಲು ಹಾಕಿಕೊಂಡು ನೋಡಿ ನೋಡಿಯೇ ಬಿಡಿಸಬೇಕು. ಹಾಗೆಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ.

ನಿಮ್ಮ ವರದಿಯಲ್ಲಿ ‘ಸ್ವಲೀನತೆ’ ಎಂಬ ಪದವೂ ಇತ್ತು. ಮನೆಯಲ್ಲಿ ಅದನ್ನು ಯಾರೂ ಬಳಸುವುದಿಲ್ಲ, ಪತ್ರಿಕೆಯವರು ಮಾತ್ರ. ತನ್ನಲ್ಲೇ ಲೀನನಾದವನು ಅಂತ ತಾನೇ ಅರ್ಥ? ನಾನು ಲೀನನಾಗುವುದು ಹಂಚಿನಲ್ಲಿ. ‘ಸ್ವ’ ಬಗ್ಗೆ ಅಷ್ಟು ಹೊತ್ತು ಯೋಚಿಸುವ ತಾಳ್ಮೆ ನನಗಿಲ್ಲ.

ಒಮ್ಮೆ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದೆ. ಜನವರಿಯ ಭಾನುವಾರ, ಕುಮಾರಕೃಪಾ ರಸ್ತೆ. ಚಿತ್ರಕಲಾ ಪರಿಷತ್ತಿನ ಮುಂದೆ ಗೆಳೆಯನ ಮಳಿಗೆಯಲ್ಲಿ ಒಂದು ಮೂಲೆ ಸಿಕ್ಕಿತ್ತು. ಬೆಳಗಿನ ಜಾವ ಹೋಗಿ ದಾರ ಕಟ್ಟಿ ಚಿತ್ರ ತೂಗುಹಾಕಿದೆ. ಜನ ಸೇರುವ ಹೊತ್ತಿಗೆ ಕಲ್ಲು ಕೊಯ್ಯುವವರು ಹಾಕಿಕೊಳ್ಳುವಂಥ ಕಿವಿಮುಚ್ಚಳ ಹಾಕಿಕೊಂಡೆ. ಪಂಚೆ ಉಟ್ಟ ಒಬ್ಬ ಹಿರಿಯರು ಬಂದು ಬಹಳ ಹೊತ್ತು ನಿಂತರು. ಅವರ ಮುಖ ನಾನು ನೋಡಲಿಲ್ಲ, ಬೆರಳು ನೋಡಿದೆ. ಉಗುರಿನಲ್ಲಿ ಎಲೆಯಡಿಕೆಯ ಸುಣ್ಣ ಅಂಟಿತ್ತು. ಆ ಬೆರಳು ಕೆಳಗಿನಿಂದ ನಾಲ್ಕನೇ ಸಾಲಿಗೆ ಹೋಗಿ ನಿಂತಿತು. ‘ಇದೊಂದು ಬೇರೆ ಕಾರ್ಖಾನೆಯ ಹಂಚಲ್ವೋ?’

ಹೌದು. ಒಡೆದ ಹಂಚಿಗೆ ಅದೇ ಕಾರ್ಖಾನೆಯದು ಸಿಗದೆ ಬೇರೆಯದು ಕೂರಿಸಿದ್ದರು. ಅಚ್ಚು ಹೊಂದುವುದಿಲ್ಲ, ಪಕ್ಕದಲ್ಲಿ ಸಂದು ಉಳಿಯುತ್ತದೆ, ಗಾಳಿಮಳೆಗೆ ಅಲ್ಲೇ ಸೋರುತ್ತದೆ. ಆ ಮನೆಯಲ್ಲಿ ಅದರ ಕೆಳಗೆ ಒಂದು ತಪ್ಪಲೆ ಇಟ್ಟಿದ್ದರು. ಕಿವಿಮುಚ್ಚಳ ತೆಗೆದು ಇಪ್ಪತ್ತು ನಿಮಿಷ ಮಾತಾಡಿದೆ. ಬೆಲೆ ಕೇಳಿದರು, ಒಂಬತ್ತು ಸಾವಿರ ಅಂದೆ. ಏಳು ಅಂದರು. ನನಗೆ ಚೌಕಾಸಿ ಬರುವುದಿಲ್ಲ, ಬೆಲೆ ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೆ ಒಂಬತ್ತು ಅಂದೆ. ‘ಭಾರೀ ಗಟ್ಟಿ ಕುಳ ನೀವು’ ಎಂದು ಒಂಬತ್ತನ್ನೂ ಕೊಟ್ಟರು. ನನಗೆ ಆಟಿಸಂ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಮಳಿಗೆಯನ್ನು ಗೆಳೆಯನಿಗೆ ಬಿಟ್ಟು ಹೊರಟೆ. ಆಮೇಲೆ ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ, ಅದೂ ಲೆಕ್ಕಕ್ಕೆ ಸೇರಲಿ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 29ನೇ ಸೆಕ್ಷನ್ನಿನಲ್ಲಿ ಅಂಗವಿಕಲ ಕಲಾವಿದರಿಗೆ, ಲೇಖಕರಿಗೆ ಸೌಲಭ್ಯ, ನೆರವು, ಪ್ರಾಯೋಜಕತ್ವ ಕೊಡಬೇಕೆಂದಿದೆ. ಮೂರು ಸಲ ಓದಿದೆ, ಶಾಲಿನ ಮಾತು ಎಲ್ಲೂ ಇಲ್ಲ. ನನಗೆ ಬೇಕಾದ ಸೌಲಭ್ಯಕ್ಕೆ ದುಡ್ಡೂ ಬೇಡ. ಪ್ರದರ್ಶನ ಎಲ್ಲೇ ಇರಲಿ, ಮೊದಲ ಒಂದು ಗಂಟೆ ಮೈಕು ಬೇಡ, ಗುಂಯ್‌ಗುಡುವ ಟ್ಯೂಬ್‌ಲೈಟ್ ಬೇಡ. ದೀಪ ಬೆಳಗುವುದಿದ್ದರೆ ನನ್ನನ್ನು ಬಿಟ್ಟು ಬೆಳಗಿ.

ನಿಮ್ಮಲ್ಲಿ ಕೇಳುವುದು ಇಷ್ಟು. ಮುಂದಿನ ವರ್ಷ ವರದಿಗಾರರ ಬದಲು ಭಾನುವಾರದ ಪುರವಣಿಗೆ ಕಲಾವಿಮರ್ಶೆ ಬರೆಯುವವರನ್ನು ಕಳಿಸಿ. ಮಾಧ್ಯಮ, ಅಳತೆ, ಬೆಲೆ ಬರೆಯಲಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಯಲಿ. ನನ್ನ ಚಿತ್ರಗಳಲ್ಲಿ ಗೋಡೆ ಇವತ್ತಿಗೂ ಸೊರಗಿರುತ್ತದೆ, ಮಾಡಿನ ಭಾರ ಹೊರುವ ಹಾಗೆ ಕಾಣುವುದಿಲ್ಲ. ಆ ಡ್ರಾಯಿಂಗ್ ಪರೀಕ್ಷೆ ಆದ ಮೇಲೆ ಅದನ್ನು ಒಬ್ಬರೂ ನನಗೆ ಹೇಳಿಲ್ಲ.

ಪತ್ರದ ಕೆಳಗೆ ಹೆಸರು ಹಾಕಬೇಡಿ. ಹಾಕಿದರೆ ಮನೆಗೆ ಇನ್ನೊಂದು ಶಾಲು ಬರುತ್ತದೆ. ಈಗಾಗಲೇ ಏಳಿವೆ.

— ಹಂಚಿನ ಚಿತ್ರಗಾರ, ಸಾಗರ