ಬ್ಯಾರಿಯೋತ್‌ನ ಮುಖ ಬಿಡು, ಮುಂಗಾಲು ನೋಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಬ್ಯಾರಿಯೋತ್ ಅನ್ನುವ ಹಿಮದ ಮೃಗದ ಹತ್ತಿರ ಸೋತು ಸೋತು ಸಾಕಾಗಿದೆ, ಐಸ್‌ಬೋರ್ನ್ (ಮಾನ್‌ಸ್ಟರ್ ಹಂಟರ್ ವರ್ಲ್ಡ್ ಅನ್ನುವ ಬೇಟೆಯ ವಿಡಿಯೋ ಗೇಮಿನ ವಿಸ್ತರಣೆ) ಅನ್‌ಇನ್‌ಸ್ಟಾಲ್ ಮಾಡಿಬಿಡುತ್ತೇನೆ ಅಂತ ಬರೆದಿದ್ದೀಯ. ದಯವಿಟ್ಟು ಮಾಡಬೇಡ. ಮಾನ್‌ಸ್ಟರ್ ಹಂಟರ್ ವರ್ಲ್ಡ್‌ನಲ್ಲಿ ನನಗೆ ತುಂಬಾ ಇಷ್ಟವಾದ ಕಾಳಗಗಳಲ್ಲಿ ಬ್ಯಾರಿಯೋತ್ ಜೊತೆಗಿನದೂ ಒಂದು. ಅದರ ಗುಟ್ಟು ತಿಳಿಯುವ ಮೊದಲೇ ನೀನು ಎದ್ದು ಹೋದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇದೇ ಮೃಗದ ಹತ್ತಿರ ಸಿಕ್ಕಿಹಾಕಿಕೊಂಡ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ. ನಿನ್ನದೇನೂ ಅಭ್ಯಂತರ ಇರಲಾರದು ಅಂದುಕೊಂಡಿದ್ದೇನೆ.

ನೀನು ಕಳಿಸಿದ ವಿಡಿಯೋವನ್ನು ಪೂರ್ತಿ ನೋಡಿದೆ. ಅದರಲ್ಲಿ ಮತ್ತೆ ಮತ್ತೆ ನಡೆಯುವುದು ಒಂದೇ ಸಂಗತಿ. ಬ್ಯಾರಿಯೋತ್ ನೆಗೆಯುತ್ತದೆ. ನೀನು ಕತ್ತಿ ಬೆನ್ನಿಗೆ ಹಾಕಿಕೊಂಡು ಅದರ ಹಿಂದೆ ಓಡುತ್ತೀಯ. ಹತ್ತಿರ ಹೋಗಿ ಕತ್ತಿ ಎತ್ತಿ ಚಾರ್ಜ್ ಮಾಡುವಷ್ಟರಲ್ಲಿ (ಏಟಿಗೆ ಬಲ ತುಂಬಿಸುವಷ್ಟರಲ್ಲಿ) ಅದು ಪಕ್ಕಕ್ಕೆ ಹಾರಿಯಾಗಿದೆ. ನಿನ್ನ ಏಟು ಹಿಮಕ್ಕೆ ಬೀಳುತ್ತದೆ. ನೀನು ಕತ್ತಿ ಎತ್ತುವ ಮೊದಲೇ ಅದು ತಿರುಗಿ ಬಂದು ಗುದ್ದುತ್ತದೆ. ಸ್ಟ್ಯಾಮಿನಾ ಖಾಲಿ, ಮೈಮೇಲೆ ಐಸ್‌ಬ್ಲೈಟ್ (ಸ್ಟ್ಯಾಮಿನಾ ಬೇಗ ಕರಗಿಸುವ ಹಿಮದ ಕಾಟ), ಆಮೇಲೆ ಮೂರ್ಛೆ ಹೋಗಿ ಗಾಡಿಯಲ್ಲಿ ಕ್ಯಾಂಪಿಗೆ ವಾಪಸ್. ನಿನ್ನ ಕೈ ನಿಧಾನ ಅಂತ ನೀನು ಬರೆದಿದ್ದೀಯ. ಕೈ ಸರಿಯಾಗೇ ಇದೆ. ನೀನು ನೋಡುತ್ತಿರುವ ಜಾಗ ಬೇರೆ ಆಗಬೇಕು ಅಷ್ಟೇ. ನೀನು ಉದ್ದಕ್ಕೂ ಅದರ ಮುಖ ನೋಡುತ್ತಿದ್ದೀಯ, ಕೋರೆಹಲ್ಲು ನೋಡುತ್ತಿದ್ದೀಯ. ನೋಡಬೇಕಾದದ್ದು ಮುಂಗಾಲು.

ಮುಂದಿನ ಸಲ ಕತ್ತಿ ತೆಗೆಯುವ ಮೊದಲು ಸುಮ್ನೆ ಸ್ವಲ್ಪ ದೂರ ನಿಂತು ಅದರ ಮೈ ನೋಡು. ಬಿಳಿ ತುಪ್ಪಳ, ಕೆಳಗೆ ಇಳಿದಿರುವ ಎರಡು ದೊಡ್ಡ ಕೋರೆ. ಅದರ ಮುಂಗಾಲೇ ಅದರ ರೆಕ್ಕೆ. ಆ ರೆಕ್ಕೆಗಾಲುಗಳಲ್ಲಿ ಮುಳ್ಳುಗಳಿವೆ. ಕೋರೆಗಳ ಅಬ್ಬರದಲ್ಲಿ ಅವು ಕಣ್ಣಿಗೇ ಬೀಳುವುದಿಲ್ಲ. ಆದರೆ ಇಡೀ ಮೃಗ ನಿಂತಿರುವುದೇ ಅವುಗಳ ಮೇಲೆ. ನುಣ್ಣನೆಯ ಮಂಜುಗಡ್ಡೆಯ ಮೇಲೆ ಅಷ್ಟು ಭಾರದ ಪ್ರಾಣಿ ಓಡಿ, ಹಾರಿ, ಗಕ್ಕನೆ ನಿಂತು, ಅಲ್ಲೇ ತಿರುಗುತ್ತದಲ್ಲ, ಆ ಹಿಡಿತ ಬರುವುದು ಅಲ್ಲಿಂದ. ಎರಡೂ ಕಾಲಿನ ಮುಳ್ಳು ಮುರಿದು ನೋಡು. ಅದೇ ನೆಗೆತ ನೆಗೆಯುತ್ತದೆ, ಆದರೆ ಇಳಿದ ಮೇಲೆ ನಿಲ್ಲಲಾಗದೆ ಜಾರುತ್ತದೆ, ಮುಗ್ಗರಿಸುತ್ತದೆ. ಕಬಡ್ಡಿಯಲ್ಲಿ ಎಂಥ ರೈಡರ್ ಆದರೂ ಪಾದ ಸಿಕ್ಕಿತು ಅಂದರೆ ಮುಗಿಯಿತಲ್ಲ, ಇದೂ ಹಾಗೇ.

ಈ ಮೃಗ ಮೊದಲು ಬಂದದ್ದು 2009ರಲ್ಲಿ, ವೀ ಕನ್ಸೋಲಿನ ಮಾನ್‌ಸ್ಟರ್ ಹಂಟರ್ ಟ್ರೈ ಆಟದಲ್ಲಿ. ಆಮೇಲೆ 2019ರ ಐಸ್‌ಬೋರ್ನ್‌ಗೆ ಬಂತು, 2021ರಲ್ಲಿ ಮಾನ್‌ಸ್ಟರ್ ಹಂಟರ್ ರೈಸ್‌ಗೂ ಬಂತು. ಈ ಆಟ ಮಾಡಿದ ಕ್ಯಾಪ್‌ಕಾಮ್‌ನವರ ಬಗ್ಗೆ ನನಗೆ ಗೌರವ ಹುಟ್ಟುವುದು ಇಂಥ ಕಡೆಯೇ. ಸೋಲಿಸುವ ದಾರಿಯನ್ನು ಅವರು ಯಾವುದೋ ಮೆನುವಿನಲ್ಲಿ ಅಡಗಿಸಿಲ್ಲ. ಪ್ರಾಣಿಯ ಮೈಮೇಲೇ ಇಟ್ಟಿದ್ದಾರೆ. ಅದು ಎಲ್ಲಿ ವಾಸ ಮಾಡುತ್ತದೆ, ಅಲ್ಲಿ ಬದುಕಲು ಅದಕ್ಕೆ ಏನು ಬೇಕು ಅಂತ ಯೋಚಿಸಿದರೆ ಎಲ್ಲಿ ಹೊಡೆಯಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ.

ಸರಿ, ಈಗ ನಿನ್ನ ಆಯುಧದ ವಿಷಯ. ಬ್ಯಾರಿಯೋತ್‌ಗೆ ಬೆಂಕಿ ಅಂದರೆ ಆಗದು, ಅದು ಬಿಟ್ಟರೆ ಸಿಡಿಲು. ಅದಕ್ಕೇ ಎಲ್ಲರೂ "ಬೆಂಕಿಯ ಆಯುಧ ತಗೋ" ಅನ್ನುತ್ತಾರೆ. ಡ್ಯುಯಲ್ ಬ್ಲೇಡ್ಸ್ ಅಥವಾ ಬಿಲ್ಲು ಹಿಡಿಯುವವರಿಗೆ ಅದು ಬಹಳ ಒಳ್ಳೆಯ ಮಾತು. ಅವರು ಸಣ್ಣ ಸಣ್ಣ ಏಟು ಜಾಸ್ತಿ ಹೊಡೆಯುತ್ತಾರೆ, ಪ್ರತಿ ಏಟಿಗೂ ಬೆಂಕಿ ಸೇರುತ್ತದೆ. ನಿನ್ನದು ಗ್ರೇಟ್ ಸೋರ್ಡ್. ಕಡಿಮೆ ಏಟು, ಭಾರಿ ಏಟು. ಅಂಜನಾಥ್ ಅನ್ನುವ ಇನ್ನೊಂದು ಮೃಗದ ಬೆಂಕಿ ಕತ್ತಿ ಮಾಡಲು ಹಗಲು ರಾತ್ರಿ ಕೂರಬೇಡ. ನಿನ್ನ ಹತ್ತಿರ ಇರುವುದರಲ್ಲಿ ಡ್ಯಾಮೇಜ್ ಜಾಸ್ತಿ ಇರುವ, ಹರಿತ ಚೆನ್ನಾಗಿರುವ ಕತ್ತಿಯನ್ನೇ ಒಯ್ಯಿ. ಒಂದು ವಿಷಯ ಮಾತ್ರ ನೋಡಿಕೋ: ನೀನಿನ್ನೂ ಡಿಫೆಂಡರ್ ಕತ್ತಿ ಹಿಡಿದುಕೊಂಡಿದ್ದರೆ ಅದನ್ನು ಪೆಟ್ಟಿಗೆಯಲ್ಲಿಡು. ಹೊಸಬರು ಮೊದಲಿನ ಕಥೆಯನ್ನು ಬೇಗ ಮುಗಿಸಿ ಐಸ್‌ಬೋರ್ನ್ ಮುಟ್ಟಲಿ ಅಂತ ಕೊಟ್ಟ ಆಯುಧ ಅದು. ಐಸ್‌ಬೋರ್ನ್‌ನ ಕಠಿಣ ಹಂತವಾದ ಮಾಸ್ಟರ್ ರ್ಯಾಂಕ್‌ನಲ್ಲಿ ಅದನ್ನೇ ನಂಬಿಕೊಂಡರೆ ಕಷ್ಟ.

ಸ್ಕಿಲ್‌ಗಳಲ್ಲಿ ಪಾರ್ಟ್‌ಬ್ರೇಕರ್ ಹಾಕಿಕೋ. ಬೇರೆ ಬೇಟೆಗಳಲ್ಲಿ ನಾನು ಅದನ್ನು ಅಷ್ಟಾಗಿ ಕೇಳುವುದಿಲ್ಲ, ಇಲ್ಲಿ ಮಾತ್ರ ಬೇಕೇ ಬೇಕು. 3ನೇ ಹಂತಕ್ಕೆ ಹೋದರೆ ಅಂಗಗಳು ಎಷ್ಟು ಬೇಗ ಮುರಿಯುತ್ತವೆ ಅಂತ ನಿನಗೇ ಕಾಣುತ್ತದೆ. ಫೋಕಸ್ ಇದ್ದರೆ ಚಾರ್ಜ್ ಬೇಗ ತುಂಬುತ್ತದೆ, ನೆಗೆಯುವ ಪ್ರಾಣಿಯ ಮುಂದೆ ಅದೂ ಚಿನ್ನವೇ. ಐಸ್ ರೆಸಿಸ್ಟೆನ್ಸ್ ಒಟ್ಟು 20ಕ್ಕೆ ಮುಟ್ಟಿದರೆ ಐಸ್‌ಬ್ಲೈಟ್ ಅಂಟುವುದೇ ಇಲ್ಲ. ಅಷ್ಟು ಆಗದಿದ್ದರೆ ನಲ್‌ಬೆರ್ರಿ ಜೇಬಿನಲ್ಲಿರಲಿ. ಐಸ್‌ಬ್ಲೈಟ್ ಬಂದ ತಕ್ಷಣ ತಿನ್ನು, ಆಮೇಲೆ ನೋಡೋಣ ಅನ್ನಬೇಡ. ಈ ಕಾಳಗದಲ್ಲಿ ಸ್ಟ್ಯಾಮಿನಾನೇ ಪ್ರಾಣ. ಬ್ಯಾರಿಯೋತ್ ಇರುವ ಹಿಮದ ನಾಡು ಹೋರ್‌ಫ್ರಾಸ್ಟ್ ರೀಚ್‌ನ ಚಳಿಯೂ ಅದನ್ನೇ ತಿನ್ನುತ್ತದೆ, ಐಸ್‌ಬ್ಲೈಟ್ ಕೂಡ ಅದನ್ನೇ ತಿನ್ನುತ್ತದೆ. ಹಾಟ್ ಡ್ರಿಂಕ್ ಕುಡಿದೇ ಹೊರಡು. ಮರೆತರೆ ದಾರಿಯಲ್ಲೇ ಹಾಟ್ ಪೆಪ್ಪರ್ ಗಿಡ ಸಿಗುತ್ತದೆ, ಕಿತ್ತುಕೋ. ಬೇಟೆಗಾರರ ನೆಲೆ ಸೆಲಿಯಾನಾದಲ್ಲಿ ಅಡುಗೆ ಮಾಡುವ ಅಜ್ಜಿ ಬೆಕ್ಕಿನ ಕೈಯೂಟ ಮಾಡದೆ ಯಾವತ್ತೂ ಹೊರಡಬೇಡ. ನಿನ್ನ ವಿಡಿಯೋದಲ್ಲಿ ಹೆಲ್ತ್ ಪಟ್ಟಿ ಗಿಡ್ಡಕ್ಕಿರುವುದು ನೋಡಿಯೇ ಊಟ ಮಾಡಿಲ್ಲ ಅಂತ ಗೊತ್ತಾಯಿತು!

ಇಷ್ಟು ಸಿದ್ಧತೆ ಸಾಕು. ಈಗ ಕಾಳಗ.

ಮೊದಲ ಕೆಲಸ ಓಡುವುದನ್ನು ನಿಲ್ಲಿಸುವುದು. ಬ್ಯಾರಿಯೋತ್ ನಿನ್ನ ಹತ್ತಿರ ತಾನಾಗೇ ಬರುತ್ತದೆ. ದೂರದಲ್ಲಿ ಸುಮ್ಮನಿರುವ ಸ್ವಭಾವ ಅದರದ್ದಲ್ಲ. ನೀನು ಆಳದ ಹಿಮ ಇಲ್ಲದ ಜಾಗ ಹುಡುಕಿ ನಿಲ್ಲು. ಸೊಂಟದ ತನಕ ಹಿಮ ಇರುವ ಕಡೆ ನಿನ್ನ ಹೆಜ್ಜೆ ಏಳುವುದಿಲ್ಲ, ಅದಕ್ಕೆ ಮಾತ್ರ ಏನೂ ಆಗುವುದಿಲ್ಲ. ಅಂಥ ಕಡೆ ಹೊಡೆದಾಡುವುದೇ ಬೇಡ.

ಅದು ಹಾರುವ ಮೊದಲು ಮೈ ತಗ್ಗಿಸಿ ಮುಂಗಾಲು ಊರುತ್ತದೆ. ಚಿಕ್ಕ ಸೂಚನೆ, ಆದರೆ ಕಾಲನ್ನೇ ನೋಡುತ್ತಿದ್ದರೆ ತಪ್ಪುವುದಿಲ್ಲ. ಪಕ್ಕಕ್ಕೆ ಒಂದು ನೆಗೆತ ನೆಗೆದರೆ ಅದು ಮುಗಿಯಿತು ಅಂದುಕೊಳ್ಳಬೇಡ. ಸಾಮಾನ್ಯವಾಗಿ ಅದರ ಬೆನ್ನಿಗೇ ನಿನ್ನ ಮೇಲೆ ಎರಗುವ ನೆಗೆತ ಬರುತ್ತದೆ. ನೀನು ಮೊದಲ ನೆಗೆತಕ್ಕೇ ಉರುಳುತ್ತೀಯ, ಎರಡನೆಯದಕ್ಕೆ ಸಿಗುತ್ತೀಯ. ಮೊದಲನೆಯದನ್ನು ಬಿಡು. ಎರಡನೆಯದು ಬರುವಾಗ ಹಿಂದಕ್ಕೆ ಉರುಳಬೇಡ. ಓರೆಯಾಗಿ ಮುಂದಕ್ಕೆ, ಅದರ ಪಕ್ಕೆಯ ಕಡೆಗೆ ಉರುಳು. ಹಿಂದಕ್ಕೆ ಹೋದರೆ ಅದರ ದಾರಿಯಲ್ಲೇ ಇರುತ್ತೀಯ. ಪಕ್ಕೆಗೆ ಹೋದರೆ ಅದು ಇಳಿಯುವಾಗ ಮುಂಗಾಲು ನಿನ್ನ ಕತ್ತಿಯ ಅಳತೆಯಲ್ಲೇ ಇರುತ್ತದೆ. ಅಲ್ಲಿ ಒಂದೇ ಒಂದು ಏಟು ಹಾಕು, ಸರಿ. ದುರಾಸೆ ಬೇಡ. ಟ್ರೂ ಚಾರ್ಜ್ಡ್ ಸ್ಲ್ಯಾಶ್ (ನಿನ್ನ ಕತ್ತಿಯ ಅತಿ ಭಾರಿ ಏಟು) ಹೊಡೆಯುವ ಕಾಲ ಇನ್ನೂ ಬಂದಿಲ್ಲ.

ತಪ್ಪಿಸಿಕೊಳ್ಳಲು ಸಮಯ ಇಲ್ಲದಿದ್ದರೆ ಟ್ಯಾಕಲ್, ಅಂದರೆ ಭುಜದಿಂದ ಗುದ್ದುವುದು, ಇದೆಯಲ್ಲ? ನಿನ್ನ ವಿಡಿಯೋದಲ್ಲಿ ಅದನ್ನು ನಾನು ನೋಡಲೇ ಇಲ್ಲ. ಚಾರ್ಜ್ ಮಾಡುತ್ತಿರುವಾಗ ಏಟು ಬರುತ್ತಿದೆ ಅನಿಸಿದರೆ ಭುಜ ಕೊಡು. ಸ್ವಲ್ಪ ನೋವಾಗುತ್ತದೆ, ಆದರೆ ನೀನು ಬೀಳುವುದಿಲ್ಲ. ಜೊತೆಗೆ ಮುಂದಿನ ಚಾರ್ಜ್‌ಗೆ ಒಂದು ಮೆಟ್ಟಿಲು ಹತ್ತಿರುತ್ತೀಯ. ಗರ್ಜನೆಯನ್ನೂ ಹಾಗೇ ದಾಟಬಹುದು. ಗ್ರೇಟ್ ಸೋರ್ಡ್‌ನ ಅರ್ಧ ಶಕ್ತಿ ಇರುವುದೇ ಆ ಭುಜದಲ್ಲಿ ಅಂತ ನನ್ನ ಅಭಿಪ್ರಾಯ.

ಬಾಯಿಂದ ಹಿಮದ ಉಂಡೆ ಉಗುಳಿ ಸುಂಟರಗಾಳಿ ಎಬ್ಬಿಸುತ್ತದಲ್ಲ, ಅದಕ್ಕೆ ಹೆದರಿ ನೀನು ದೂರ ಓಡುತ್ತೀಯ. ಆ ಗಾಳಿ ಏಳುವುದು ಉಂಡೆ ಬಿದ್ದ ಜಾಗದಲ್ಲಿ. ಉಗುಳಿದ ಮೃಗದ ಪಕ್ಕೆಯಲ್ಲಿ ಅಲ್ಲ. ಹತ್ತಿರ ಇದ್ದರೆ ಅದು ನಿನಗೆ ಸಿಕ್ಕ ಬಿಡುವು. ಮೇಲಕ್ಕೆ ಹಾರಿ ಗಾಳಿಯಲ್ಲಿ ನಿಂತಾಗ ಕಣ್ಣು ಕುಕ್ಕುವ ಫ್ಲ್ಯಾಶ್ ಪಾಡ್ ಹೊಡಿ, ಧೊಪ್ಪನೆ ಕೆಳಗೆ ಬೀಳುತ್ತದೆ. ಮಾಸ್ಟರ್ ರ್ಯಾಂಕ್‌ನಲ್ಲಿ ಇದು ಕೆಲವು ಸಲ ಮಾತ್ರ ಕೆಲಸ ಮಾಡುತ್ತದೆ, ಆಮೇಲೆ ಅದರ ಕಣ್ಣು ಒಗ್ಗಿಬಿಡುತ್ತದೆ. ಆದ್ದರಿಂದ ಸುಮ್ಮಸುಮ್ಮನೆ ಖರ್ಚು ಮಾಡಬೇಡ. ಮುಂಗಾಲು ಇನ್ನೇನು ಮುರಿಯುತ್ತದೆ ಅನ್ನುವ ಹೊತ್ತಿಗೆ ಇಟ್ಟುಕೋ.

ಕ್ಲಚ್ ಕ್ಲಾ (ಮೃಗದ ಮೈಗೆ ಹಾಕಿ ನೇತುಬೀಳುವ ಕೊಕ್ಕೆ) ಬಗ್ಗೆ ನಿನಗೆ ಕೋಪ ಇದೆ ಅಂತ ಗೊತ್ತು. ಆದರೂ ಕೇಳು. ಗ್ರೇಟ್ ಸೋರ್ಡ್ ಭಾರದ ಆಯುಧ, ಹಾಗಾಗಿ ನೀನು ಒಂದೇ ಸಲ ನೇತುಬಿದ್ದು ಹೊಡೆದರೂ ಆ ಅಂಗ ಮೆತ್ತಗಾಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಅಲ್ಲಿ ಬೀಳುವ ಪ್ರತಿ ಏಟಿಗೂ ಜಾಸ್ತಿ ಬಲ. ಇದನ್ನು ತಲೆಗೆ ಖರ್ಚು ಮಾಡಬೇಡ, ತಲೆ ಮೊದಲೇ ಮೆತ್ತಗಿದೆ. ಮುಂಗಾಲಿಗೆ ಮಾಡು. ಅದು ನೆಗೆಯುತ್ತಿರುವಾಗ ಹೋಗಿ ನೇತುಬೀಳಬೇಡ, ಸ್ಟ್ಯಾಮಿನಾ ಹಾಳು. ಬಿದ್ದಾಗ ಅಥವಾ ಮುಗ್ಗರಿಸಿದಾಗ ಹೋಗು.

ಇನ್ನೊಂದು ಉಪಯೋಗ ಗೋಡೆ. ಅದಿನ್ನೂ ಸಿಟ್ಟಿಗೇರದಿರುವಾಗ ತಲೆಗೆ ನೇತುಬಿದ್ದು, ಎದುರಿಗೆ ಗೋಡೆ ಇದೆಯಾ ನೋಡಿಕೊಂಡು, ಸ್ಲಿಂಗರ್‌ನಲ್ಲಿ (ಕೈಗೆ ಕಟ್ಟಿದ ಕವಣೆಯಲ್ಲಿ) ಇರುವುದನ್ನೆಲ್ಲ ಮುಖಕ್ಕೆ ಹಾರಿಸು. ಓಡಿಹೋಗಿ ಗೋಡೆಗೆ ಬಡಿದು ಬೀಳುತ್ತದೆ. ಆಗ ಬಂತು ನೋಡು ಟ್ರೂ ಚಾರ್ಜ್ಡ್ ಸ್ಲ್ಯಾಶ್‌ನ ಕಾಲ. ತಲೆಯ ಆಸೆ ಬಿಟ್ಟು ಮುಂಗಾಲಿನ ಪಕ್ಕ ನಿಂತು ನಿಧಾನವಾಗಿ ಚಾರ್ಜ್ ಮಾಡು. ಸಿಟ್ಟಿಗೇರಿ ಗರ್ಜಿಸಿದ ಮೇಲೆ ಈ ಆಟ ನಡೆಯುವುದಿಲ್ಲ. ಆಗ ಬರೀ ತಪ್ಪಿಸಿಕೊಂಡು ಬದುಕಿಕೋ. 50 ನಿಮಿಷ ಸಮಯ ಇದೆ, ಯಾರೂ ಓಡಿಸುತ್ತಿಲ್ಲ.

ಒಂದು ಕಾಲು ಮುರಿದಾಗಲೇ ವ್ಯತ್ಯಾಸ ಕಾಣಲು ಶುರುವಾಗುತ್ತದೆ. ಎರಡನೆಯದೂ ಮುರಿದ ಮೇಲೆ ನಡೆಯುವುದನ್ನು ನೀನೇ ನೋಡಬೇಕು. ಇಷ್ಟು ಹೊತ್ತು ಯಾವ ನೆಗೆತಕ್ಕೆ ನೀನು ಬೀಳುತ್ತಿದ್ದೆಯೋ ಅದೇ ನೆಗೆತ ನೆಗೆದು, ಇಳಿದು, ಮಂಜುಗಡ್ಡೆಯ ಮೇಲೆ ಕಾಲು ಕೆರೆಯುತ್ತಾ ಜಾರಿಕೊಂಡು ಹೋಗಿ ಕುಸಿಯುತ್ತದೆ. ಏಳಲು ಸಮಯ ತೆಗೆದುಕೊಳ್ಳುತ್ತದೆ. ಈಗ ತಲೆಗೆ ಹೊಡಿ. ಈಗ ಕೋರೆ ಮುರಿ. ಇಲ್ಲಿಯವರೆಗೂ ತಲೆ ಬಿಡು ಅಂತ ಹೇಳಿದ್ದು ಈ ಹೊತ್ತಿಗಾಗಿಯೇ. ಬಾಲವನ್ನೂ ಕತ್ತರಿಸಬಹುದು. ಅದಕ್ಕೆ ನಿನ್ನ ಆಯುಧಕ್ಕಿಂತ ಒಳ್ಳೆಯದು ಬೇಕಿಲ್ಲ.

ಕುಂಟುತ್ತಾ ಗೂಡಿಗೆ ಹೋದರೆ ಎರಡು ದಾರಿ. ಶಾಕ್ ಟ್ರ್ಯಾಪ್ ಅಥವಾ ಪಿಟ್‌ಫಾಲ್ ಟ್ರ್ಯಾಪ್ ಹಾಕಿ, ಮಂಪರು ಬರಿಸುವ ಎರಡು ಟ್ರ್ಯಾಂಕ್ ಬಾಂಬ್ ಎಸೆದರೆ ಸೆರೆ ಸಿಗುತ್ತದೆ. ಮೊದಲ ಸಲಕ್ಕೆ ನಾನು ಹೇಳುವುದು ಇದನ್ನೇ. ಇನ್ನೊಂದು ದಾರಿ, ಅದು ಮಲಗಿದ ಮೇಲೆ ತಲೆಗೆ ಒಂದು ಪೂರ್ತಿ ಟ್ರೂ ಚಾರ್ಜ್ಡ್ ಸ್ಲ್ಯಾಶ್. ಮಲಗಿದ ಮೃಗಕ್ಕೆ ಮೊದಲ ಏಟು ಎರಡರಷ್ಟು ಬೀಳುತ್ತದೆ. ಅದಕ್ಕೇ ಆ ಮೊದಲ ಏಟು ಕತ್ತಿಯದ್ದಾಗಿರಲಿ, ಬಾಂಬಿನದ್ದು ಬೇಡ.

ಫ್ರಾಸ್ಟ್‌ಫ್ಯಾಂಗ್ ಬ್ಯಾರಿಯೋತ್ ಅಂತ ಇನ್ನೊಂದಿದೆ, ಇದಕ್ಕಿಂತ ಘಾಟಿ. ಉಸಿರಿನಿಂದ ನೆಲವನ್ನೇ ಹೆಪ್ಪುಗಟ್ಟಿಸುತ್ತದೆ. ಅದರ ಮಾತು ಈಗ ಬೇಡ.

ಶನಿವಾರ ರಾತ್ರಿ ಊಟ ಆದ ಮೇಲೆ ಸ್ಟೀಮ್‌ನಲ್ಲಿ ಇರುತ್ತೇನೆ. ಅಷ್ಟರೊಳಗೆ ಒಬ್ಬನೇ ಒಮ್ಮೆ ಹೋಗಿ ನೋಡು, ಗೆಲ್ಲುವ ಯೋಚನೆಯೇ ಬೇಡ, ಒಂದು ಮುಂಗಾಲು ಮುರಿದು ಬಾ. ಕಷ್ಟ ಅನಿಸಿದರೆ ಇಬ್ಬರೂ ಸೇರಿ ಹೋಗೋಣ. ಐಸ್‌ಬೋರ್ನ್‌ನಲ್ಲಿ ಇಬ್ಬರಿಗೆ ಅಂತಲೇ ಮೃಗದ ಬಲವನ್ನು ಬೇರೆ ಲೆಕ್ಕದಲ್ಲಿ ಇಟ್ಟಿದ್ದಾರೆ, ನಾಲ್ವರ ಲೆಕ್ಕದಲ್ಲಿ ಒದೆ ತಿನ್ನಬೇಕಾಗಿಲ್ಲ. ನಾನು ಲ್ಯಾನ್ಸ್ ಹಿಡಿದು ಅದರ ಮುಂದೆ ಗುರಾಣಿ ಕೊಟ್ಟು ನಿಲ್ಲುತ್ತೇನೆ. ಎಡಗಾಲು ನಿನ್ನದು, ಬಲಗಾಲು ನನ್ನದು. ಸೆಷನ್ ಐಡಿ ಕಳಿಸು.

ನಿನ್ನ ಗೆಳೆಯ