ಅಜ್ಜಿಯ ಇದ್ದಿಲು, ನನ್ನ ಇದ್ದಿಲು

ಜ್ಯೂರಿಕ್

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಮೂಡಿಗೆರೆಯಲ್ಲಿ ಮಳೆ ಹಿಡಿದುಕೊಂಡಿದೆ ಅಂತ ಅಮ್ಮ ಹೇಳಿದಳು. "ಇದ್ದಿಲಲ್ಲಿ ನೀರು ಸೋಸೋದು ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಾನು ಮಡಕೆಯಲ್ಲೇ ಸೋಸ್ತಿದ್ದೆ" ಅಂತ ಅಜ್ಜಿ ನಕ್ಕಳಂತೆ. ಅಜ್ಜಿಯ ಮಾತು ಮುಕ್ಕಾಲು ಪಾಲು ಸರಿ. ಮಿಕ್ಕ ಕಾಲು ಪಾಲು ಹೇಳೋಕೆ ಹೋದರೆ ನಿಮ್ಮ ಫೋನಿಗೆ ಸಿಗ್ನಲ್ ಇರಲ್ಲ, ಅದಕ್ಕೇ ಬರೀತಿದ್ದೀನಿ.

ನೀರಿಗೆ ಸೇರಿದ ಔಷಧಿ ತೆಗೆಯೋಕೆ ನಾನಿಲ್ಲಿ ಪ್ರಯೋಗ ಮಾಡ್ತಿರೋ ಪುಡಿಯೂ ಇದ್ದಿಲಿನ ಹಾಗೆ ಇಂಗಾಲವೇ: ಗ್ರಾಫೀನ್, ನ್ಯಾನೊ ಕೊಳವೆ. ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಹಾಳೆ. ಚಾಪೆ ಸುತ್ತಿದ ಹಾಗೆ ಸುರುಳಿಯಾಗಿದ್ದರೆ ಅದೇ ನ್ಯಾನೊ ಕೊಳವೆ. ಒಂದು ಗ್ರಾಂ ಗ್ರಾಫೀನನ್ನು ಪೂರ್ತಿ ಬಿಡಿಸಿದರೆ ಎರಡೂ ಮೈ ಸೇರಿ 2,630 ಚದರ ಮೀಟರ್. ನಿಮ್ಮ ಲೆಕ್ಕದಲ್ಲಿ 26 ಗುಂಟೆ! ನೀರಲ್ಲಿ ಕರಗಿದ ಔಷಧಿ ಅಷ್ಟು ಜಾಗದಲ್ಲಿ ಬಂದು ಅಂಟಿಕೊಳ್ಳಲಿ ಅನ್ನೋದೇ ಉಪಾಯ.

ಔಷಧಿ ಯಾವುದು ಗೊತ್ತಾ? ಅಜ್ಜಿ ನುಂಗೋ ಫಿಟ್ಸ್ ಮಾತ್ರೆಯದೇ, ಕಾರ್ಬಮಜೆಪೈನ್. ಅದರಲ್ಲಿ ಸ್ವಲ್ಪ ಮೂತ್ರದ ಜೊತೆ ಹೋಗುತ್ತೆ. ಚರಂಡಿ ನೀರು ಶುದ್ಧ ಮಾಡೋ ಘಟಕದ ಬ್ಯಾಕ್ಟೀರಿಯಾಗಳಿಗೂ ಅದು ಅರಗೋದು ಕಷ್ಟ, ಹಾಗಾಗಿ ಬಹುಪಾಲು ನದಿಗೆ ಸೇರುತ್ತೆ. ಅದರಲ್ಲಿರೋ ಬೆಂಜೀನ್ ಉಂಗುರಗಳು, ಅಂದರೆ ಆರು ಇಂಗಾಲ ಸೇರಿದ ಬಳೆಗಳು, ಇಂಗಾಲದ ಷಟ್ಕೋನಗಳ ಮೇಲೆ, ರೊಟ್ಟಿ ಮೇಲೆ ರೊಟ್ಟಿ ಇಟ್ಟಂತೆ, ಕೂತುಬಿಡುತ್ತವೆ.

ಬಟ್ಟಿ ಇಳಿಸಿದ ನೀರಲ್ಲಿ ಎಲ್ಲ ಸೊಗಸಾಗಿತ್ತು. ಹೋದ ವಾರ ಕಾಡಿನ ತೊರೆಯಿಂದ ಒಂದು ಕ್ಯಾನ್ ನೀರು ತಂದೆ, ಹಾಲು ಹಾಕದ ತೆಳು ಚಹಾದ ಬಣ್ಣ. ಅದರಲ್ಲಿ ನನ್ನ ಪುಡಿ ಮಖಾಡೆ ಮಲಗಿತು. ಎಲೆ ಕೊಳೆತು ಬಂದ ಹ್ಯೂಮಿಕ್ ಆಮ್ಲ, ಹಾಸನದ ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವಲ್ ಎಸೆಯೋರ ಹಾಗೆ, ಮೊದಲೇ ಸೀಟು ಹಿಡಿದಿತ್ತು. ಸಾಲದ್ದಕ್ಕೆ ಪುಡಿ ಫಿಲ್ಟರ್ ದಾಟಿ ಬಂತು. ಸೋಸಿದ ನೀರೇ ಮಸಿ. ಅದನ್ನು ಮತ್ತೆ ಹಿಡಿಯೋಕೆ ಅರ್ಧ ದಿನ ಸೆಂಟ್ರಿಫ್ಯೂಜ್ (ಗಿರಗಿರ ತಿರುಗಿಸಿ ಪುಡಿ ಬೇರೆ ಮಾಡೋ ಯಂತ್ರ) ತಿರುಗಿಸಿದೆ.

ಈ ದೇಶದಲ್ಲಿ 2016ರಿಂದ ಇಂಥ ಔಷಧಿ ಶೇಷ ತೆಗೆಯೋಕೆ ಕಾನೂನೇ ಇದೆ, ಮುಖ್ಯವಾಗಿ ದೊಡ್ಡ ಘಟಕಗಳಿಗೆ. ಅವರು ಬಳಸೋದು ಓಜೋನ್ ಅನಿಲ, ಇಲ್ಲವೇ ಸಕ್ರಿಯ ಇಂಗಾಲ. ಅಂದರೆ ಹದ ಮಾಡಿದ ಇದ್ದಿಲು! ಅಜ್ಜಿಗೆ ಹೇಳಬೇಡಿ, ಊರೆಲ್ಲ ಹೇಳಿಕೊಂಡು ಬರ್ತಾಳೆ.

ಇನ್ನೊಂದು. ಅಜ್ಜಿಯ ಹಳೇ ಮಾತ್ರೆಗಳನ್ನು ಬಚ್ಚಲಿಗೆ ಸುರೀಬೇಡಿ. ನಮ್ಮ ಬಚ್ಚಲ ನೀರು ಹಳ್ಳಕ್ಕೆ, ಹಳ್ಳ ಹೇಮಾವತಿಗೆ, ಅಲ್ಲಿಂದ ಗೊರೂರು ಅಣೆಕಟ್ಟಿಗೆ. ತೆಂಗಿನ ಚಿಪ್ಪನ್ನೂ ಪೂರ್ತಿ ಹಂಡೆ ಒಲೆಗೆ ಹಾಕಬೇಡಿ. ಕಾಫಿ ಕುಯ್ಲಿಗೆ ಬಂದಾಗ ಸುಟ್ಟು ಇದ್ದಿಲು ಮಾಡಿಕೊಂಡು ಹೋಗ್ತೀನಿ, ನನ್ನ ಪುಡಿಯ ಪಕ್ಕ ಇಟ್ಟು ನೋಡಬೇಕು. ಅರ್ಧ ಚೀಲ ಸಾಕು.

ನಿಮ್ಮ ಮಗಳು